ಟರ್ಮ್ ಕೇಳಿದರೆ ಮನಿಬ್ಯಾಕ್ ತೋರಿಸುತ್ತಾರೆ

ಮಗಳಿಗೆ ಈಗ ಎಂಟು ತಿಂಗಳು. ನನಗೇನಾದರೂ ಆದರೆ ತಾಯಿ-ಮಗಳ ಗತಿ ಏನು ಅಂತ ಚಿಂತೆಯಾಗಿ ಟರ್ಮ್ ಪಾಲಿಸಿ, ಅಂದರೆ ಅವಧಿಯೊಳಗೆ ನಾನು ಸತ್ತರೆ ಮಾತ್ರ ಮನೆಯವರಿಗೆ ದುಡ್ಡು ಸಿಗುವ ವಿಮೆ, ಕೇಳಿದೆ. ದಾವಣಗೆರೆ ವಿದ್ಯಾನಗರದ ನಮ್ಮ ಮನೆಗೆ ಬಂದ ಏಜೆಂಟರು, ಸಂಬಂಧದಲ್ಲಿ ಮಾವ ಬೇರೆ, "ಅದ್ರಾಗೆ ರೊಕ್ಕ ವಾಪಸ್ ಬರಲ್ಲಪ್ಪಾ, ಸುಮ್ನೆ ವೇಸ್ಟು" ಅಂದು, ನಡುನಡುವೆ ಒಂದಿಷ್ಟು ರೊಕ್ಕ ವಾಪಸ್ ಕೊಡುವ ಮನಿಬ್ಯಾಕ್ ಪಾಲಿಸಿಯ ಹಾಳೆ ಮುಂದಿಟ್ಟರು. ವರ್ಷಕ್ಕೆ 60 ಸಾವಿರ ಕಟ್ಟಿದರೂ ರಕ್ಷಣೆ ಬರೀ 10 ಲಕ್ಷ! ಅಷ್ಟರಲ್ಲಿ ಮಗಳ ಓದು ಮುಗಿಯುತ್ತದಾ?

ಆರೋಗ್ಯ ವಿಮೆಯದ್ದು ಇನ್ನೂ ಜಾಸ್ತಿ ಸಿಟ್ಟು ತರಿಸುತ್ತದೆ. ಮೊದಲ ಪುಟದಲ್ಲಿ 5 ಲಕ್ಷ ಅಂತ ದಪ್ಪ ಅಕ್ಷರ. ರೂಮ್ ಬಾಡಿಗೆ ದಿನಕ್ಕೆ ಅದರ ಶೇ 1, ಅಂದರೆ 5 ಸಾವಿರ ಮಾತ್ರ ಅನ್ನೋದು ಎಲ್ಲೋ ಒಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ. 10 ಸಾವಿರದ ರೂಮಿಗೆ ಸೇರಿದರೆ, ಮಿತಿ ಅದರ ಅರ್ಧವೇ ಅಂತ, ಬಾಡಿಗೆ ಅಷ್ಟೇ ಅಲ್ಲ, ಡಾಕ್ಟರ್ ಫೀಸು, ಆಪರೇಷನ್ ಖರ್ಚಿಗೂ ಅದೇ ಲೆಕ್ಕದಲ್ಲಿ ಅರ್ಧ ಕತ್ತರಿ. ಇದನ್ನು ಮೊದಲೇ ಬಾಯಿಬಿಟ್ಟು ಹೇಳಬೇಕು ಅಲ್ವಾ?

ಹೆಂಡತಿಗೆ ಥೈರಾಯ್ಡ್ ಇದೆ ಅಂದರೆ "ಫಾರ್ಮಲ್ಲಿ ಬರೀಬ್ಯಾಡ" ಅಂದರು. ಬರೆದರೆ ಆ ಕಾಯಿಲೆಗೆ ಹೆಚ್ಚೆಂದರೆ 3 ವರ್ಷ ಕಾಯಬೇಕು. ಮುಚ್ಚಿಟ್ಟರೆ ಕ್ಲೇಮೇ ಹೋಗಬಹುದು. ಆಸ್ಪತ್ರೆ ಕೌಂಟರಿನಲ್ಲಿ ಆವತ್ತು ನಿಲ್ಲೋರು ನಾವು, ಅವರಲ್ಲ. ಪೆನ್ನು ಇಸ್ಕೊಂಡು ನಾನೇ ಬರೆದೆ.