ಬೋರರ್ ಹುಡುಕುವ ಕೈ

ಅರೇಬಿಕಾ ಕಾಫಿ ಗಿಡಕ್ಕೆ ಬೋರರ್, ಅಂದರೆ ಕಾಂಡ ಕೊರೆಯುವ ಹುಳ, ಹೊಕ್ಕಿದ್ದು ದೂರದಿಂದ ನೋಡಿದರೆ ಗೊತ್ತಾಗುವುದಿಲ್ಲ. ಎಲೆ ಹಳದಿಯಾಗಿ ಜೋತುಬೀಳುವ ಹೊತ್ತಿಗೆ ಕಾಲ ಮೀರಿರುತ್ತದೆ. ಗಿಡದ ಮುಂದೆ ಕೂತು ಕಾಂಡದ ಮೇಲೆ ಕೈಯಾಡಿಸಬೇಕು. ತೊಗಟೆ ಕೆಳಗೆ ಉಬ್ಬಿದ ಗೆರೆ ಬೆರಳಿಗೆ ಸಿಗಬೇಕು.

ನಮ್ಮ ತೋಟದಲ್ಲಿ ಈ ಕೆಲಸ ಎಲ್ಲರಿಗಿಂತ ಚೆನ್ನಾಗಿ ಮಾಡುತ್ತಿದ್ದವಳು ಅಸ್ಸಾಮಿನ ಧುಬ್ರಿ ಕಡೆಯಿಂದ ಬಂದ ಹೆಂಗಸು. ಅವರ ಊರಲ್ಲಿ ಭತ್ತ, ಸೆಣಬು ಬೆಳೆಯುತ್ತಾರೆ. ಮನೆಯಿದ್ದ ಜಾಗವನ್ನೇ ಬ್ರಹ್ಮಪುತ್ರ ಕೊಚ್ಚಿಕೊಂಡು ಹೋಯಿತಂತೆ. ಇಲ್ಲಿಗೆ ಬರುವವರೆಗೂ ಅವಳು ಕಾಫಿ ಗಿಡ ಕಂಡವಳಲ್ಲ. ಮೊದಲ ವರ್ಷ ನಮ್ಮ ಹಳೆಯ ಮೇಸ್ತ್ರಿ ಅವಳ ಕೈ ಹಿಡಿದು ಕಾಂಡದ ಮೇಲೆ ಆಡಿಸಿ ತೋರಿಸಿದರು. ಮೂರನೇ ವರ್ಷಕ್ಕೆ ಆ ಮೇಸ್ತ್ರಿಯೇ "ಆ ಸಾಲು ಅವಳು ನೋಡಿದ್ದಾಳೆ, ಇನ್ನು ನಾವು ನೋಡಬೇಕಾಗಿಲ್ಲ" ಅನ್ನುತ್ತಿದ್ದರು. ನನಗೆ ಚೆನ್ನಾಗಿ ಕಾಣುತ್ತಿದ್ದ ಒಂದು ಗಿಡದ ಮುಂದೆ ಅವಳು ಕೂತು, "ಅಕ್ಕಾ, ಹುಳ ಇದೆ" ಅಂದಳು. ಕತ್ತಿಯಿಂದ ಸೀಳಿದಾಗ ಒಳಗೆ ಹಿಟ್ಟಿನಂಥ ಪುಡಿ, ಅದರ ನಡುವೆ ಬೆಳ್ಳಗಿನ ಹುಳ. ಆ ಗಿಡ ಕಿತ್ತು ಸುಟ್ಟೆವು. ಸುತ್ತಲಿನ ಗಿಡಗಳು ಉಳಿದುಕೊಂಡವು.

ಸಕಲೇಶಪುರದ ಕಡೆ ನಮ್ಮದು 11 ಎಕರೆ. ಸುಸ್ಥಿರ ಕೃಷಿ ಅಂತ ಕರೆದ ಸಭೆಗಳಿಗೆಲ್ಲ ನಾನು ಹೋಗುತ್ತೇನೆ. ಮನಸ್ಸಿಟ್ಟು ಕೇಳುತ್ತೇನೆ. ಕಾಡು ಮರದ ನೆರಳು ಉಳಿಸಿ, ಮಣ್ಣು ಉಳಿಸಿ, ಔಷಧಿ ಕಡಿಮೆ ಮಾಡಿ ಅನ್ನುತ್ತಾರೆ. ಎಲ್ಲ ನಿಜ. ಯುರೋಪಿನವರು 2023ರಲ್ಲಿ ಕಾನೂನನ್ನೇ ತಂದರು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅವರಿಗೆ ಬೇಡ. ಜಾರಿ ಮುಂದಕ್ಕೆ ಹೋಗುತ್ತಲೇ ಇದೆ, ಆದರೆ ಸಭೆಗಳಲ್ಲಿ ಅದರದ್ದೇ ಮಾತು. ಪರದೆ ಮೇಲೆ ಮರ, ಹಕ್ಕಿ, ಎರೆಹುಳ ಎಲ್ಲ ಬರುತ್ತವೆ. ಕಳೆ ಕೊಚ್ಚುವವರು, ಹಣ್ಣು ಕುಯ್ಯುವವರು ಮಾತ್ರ ಬರುವುದಿಲ್ಲ. ನನ್ನ ತಕರಾರು ಇರುವುದು ಇಲ್ಲೇ.

ಔಷಧಿ ಹೊಡೆಯದೆ ತೋಟ ಮಾಡಬೇಕು ಅಂದರೆ ಆ ಔಷಧಿಯ ಜಾಗದಲ್ಲಿ ಕೆಲಸ ಬಲ್ಲ ಕೈ ಬೇಕು. ಬೇರೆ ದಾರಿ ನನಗಂತೂ ಕಂಡಿಲ್ಲ. ಬೋರರ್ ದುಂಬಿ ಏಪ್ರಿಲ್-ಮೇನಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ ಹೊರಗೆ ಬಂದು ಮೊಟ್ಟೆ ಇಡುತ್ತದೆ. ಅದಕ್ಕೆ ಮುಂಚೆ, ಮಾರ್ಚಿನಲ್ಲಿ ಮತ್ತು ಸೆಪ್ಟೆಂಬರಿನಲ್ಲಿ, ಒಂದೊಂದು ಗಿಡವನ್ನೂ ಮುಟ್ಟಿ ನೋಡಬೇಕು. ಇನ್ನೊಂದು ಜಾತಿಯ ಕಾಫಿ ರೋಬಸ್ಟಾಕ್ಕೆ ಕಾಯಿಕೊರಕದ ಕಾಟ. 1990ರಲ್ಲಿ ಗೂಡಲೂರು ಕಡೆ ಮೊದಲು ಕಂಡ ಹುಳ, ಈಗ ಎಲ್ಲ ಕಡೆ ಇದೆ. ಗಿಡದಲ್ಲಿ ಬಿಟ್ಟ ಹಣ್ಣು, ನೆಲಕ್ಕೆ ಉದುರಿದ ಹಣ್ಣು, ಅಲ್ಲೇ ಅದು ಮುಂದಿನ ಫಸಲಿಗೆ ಕಾದು ಕೂತಿರುತ್ತದೆ. ಚೊಕ್ಕವಾಗಿ ಕುಯ್ದು, ಉದುರಿದ್ದನ್ನು ಹೆಕ್ಕಿದರೆ ಅರ್ಧ ಕೆಲಸ ಮುಗಿದ ಹಾಗೆ. ಆದರೆ ನಾವು ಮಾಡುವುದೇನು? ಕಂಟ್ರಾಕ್ಟರ್ ಕೈಗೆ ಮುಂಗಡ ಕೊಟ್ಟು, ಕೆ.ಜಿ. ಲೆಕ್ಕದಲ್ಲಿ ಹೊಸ ಗುಂಪು ತರಿಸುತ್ತೇವೆ. ಕೆ.ಜಿ. ಲೆಕ್ಕ ಅಂದ ಮೇಲೆ ಯಾರಾದರೂ ಬೇಗ ಬೇಗ ಕುಯ್ಯುತ್ತಾರೆ. ಹಸಿರು ಕಾಯಿಯೂ ಬರುತ್ತದೆ, ರೆಂಬೆಯೂ ಮುರಿಯುತ್ತದೆ, ಹೆಕ್ಕುವ ಕೆಲಸ ಯಾರಿಗೂ ಬೇಡ. ಅದು ಅವರ ತಪ್ಪಲ್ಲ. ಮುಂದಿನ ವರ್ಷ ಬರುತ್ತೇವೋ ಇಲ್ಲವೋ ಗೊತ್ತಿಲ್ಲದವರು ಮುಂದಿನ ವರ್ಷದ ಹುಳದ ಬಗ್ಗೆ ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಆಳು ಸಿಗದೆ ಇದ್ದಾಗ ನಾನೂ ಎರಡು ವರ್ಷ ಕಳೆನಾಶಕ ಹೊಡೆಸಿದೆ. ಮಳೆಗಾಲದಲ್ಲಿ ಇಳಿಜಾರಿನ ನೆಲ ಬೋಳಾಗಿತ್ತು. ಕೆಂಪು ನೀರು ಹಳ್ಳಕ್ಕೆ ಇಳಿಯುವುದನ್ನು ಅಪ್ಪ ಜಗಲಿ ಮೇಲೆ ನಿಂತು ನೋಡುತ್ತಿದ್ದರು. ಏನೂ ಹೇಳಲಿಲ್ಲ. ಆ ನೋಟ ನನಗೆ ಇವತ್ತಿಗೂ ಮರೆತಿಲ್ಲ.

ಇನ್ನು ಆನೆ. ಸಕಲೇಶಪುರ, ಆಲೂರು ಕಡೆಯವರಿಗೆ ಹೇಳಬೇಕಾಗಿಲ್ಲ. ಆನೆ ಯಾವ ತೋಟದಲ್ಲಿದೆ ಅಂತ ಬೆಳಿಗ್ಗೆ ನಮ್ಮೂರ ವಾಟ್ಸಾಪ್ ಗುಂಪಿಗೆ ಮೆಸೇಜ್ ಬರುತ್ತದೆ, ಕನ್ನಡದಲ್ಲಿ. ನಾನು ಓದಿಕೊಂಡು ಗೇಟು ಹಾಕಿ ಒಳಗಿರುತ್ತೇನೆ. ಅದೇ ಹೊತ್ತಿಗೆ ಲೈನಿನವರು, ಅಂದರೆ ತೋಟದ ಆಳುಗಳ ಸಾಲುಮನೆಗಳಲ್ಲಿ ಇರುವವರು, ಸೌದೆಗೆ, ನೀರಿಗೆ ಅಂತ ಹೊರಗೆ ಓಡಾಡುತ್ತಿರುತ್ತಾರೆ. ಅವರಿಗೆ ಕನ್ನಡ ಓದಲು ಬರುವುದಿಲ್ಲ, ಗುಂಪಿಗೆ ಅವರನ್ನು ಯಾರೂ ಸೇರಿಸಿಯೂ ಇಲ್ಲ. ಇದು ನನಗೆ ಹೊಳೆದದ್ದೇ ಆ ಹೆಂಗಸಿನ ಮಗನಿಂದ. ನಮ್ಮೂರ ಶಾಲೆಯಲ್ಲಿ ಮೂರನೇ ಕ್ಲಾಸಿನಲ್ಲಿದ್ದ. ಒಂದು ದಿನ ನನ್ನ ಫೋನು ಇಸಿದುಕೊಂಡು ಅಕ್ಷರ ಕೂಡಿಸಿ ಕೂಡಿಸಿ ಮೆಸೇಜ್ ಓದಿದ. ಆಮೇಲೆ ಲೈನಿನ ಕಡೆ ಓಡಿಹೋಗಿ ಅವರ ಮಾತಿನಲ್ಲಿ ಕೂಗಿ ಹೇಳಿದ. ಅವತ್ತಿನಿಂದ ದಿನಾ ಬೆಳಿಗ್ಗೆ ಬರುತ್ತಿದ್ದ. ಎಂಟು ವರ್ಷದ ಹುಡುಗ, ಆರು ಮನೆಗಳಿಗೆ ಅವನೇ ಕಾವಲು.

ಆ ಮಳೆಗಾಲ ಅವರು ಊರಿಗೆ ಹೋದವರು ತಿರುಗಿ ಬರುವುದು ತಡವಾಯಿತು. ಬಂದಾಗ ಶಾಲೆಯಲ್ಲಿ ಹೆಸರು ತೆಗೆದಿದ್ದರು. ಟಿಸಿ ತನ್ನಿ ಅಂದರು, ಈಗ ವರ್ಷದ ಮಧ್ಯ ಅಂದರು. ಅವಳು ಎರಡು ಸಲ ಹೋಗಿ ಬಂದಳು. ನಾನು ಕುಯ್ಲಿನ ಗಡಿಬಿಡಿಯಲ್ಲಿ "ನೋಡೋಣ" ಅಂದೆ. ನೋಡಲಿಲ್ಲ. ಹುಡುಗ ಇಡೀ ಸೀಸನ್ ಕಣದಲ್ಲಿ ಕಾಫಿ ಹರವುತ್ತಾ ಕಳೆದ. ಫೆಬ್ರವರಿಯಲ್ಲಿ ಬಟವಾಡೆ ಮುಗಿಸಿಕೊಂಡು ಅವರು ಕೇರಳದ ಪೆರುಂಬಾವೂರಿಗೆ, ಪ್ಲೈವುಡ್ ಕೆಲಸಕ್ಕೆ ಹೊರಟುಬಿಟ್ಟರು. ಮಾರ್ಚಿನಲ್ಲಿ ಬೋರರ್ ಹುಡುಕಲು ಹೊಸಬರು ಬಂದರು. ಸಾಲು ಸಾಲು ನಡೆದರು, ಏನೂ ಸಿಗಲಿಲ್ಲ ಅಂದರು. ಈ ಸೆಪ್ಟೆಂಬರಿನಲ್ಲಿ ನಾನು 140 ಗಿಡ ಕೀಳಿಸಿದೆ. ಅಪ್ಪ ಹಾಕಿದ ಗಿಡಗಳು.

ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುವ ಕಾಯ್ದೆಯನ್ನು ಈಗ ಓದಿಕೊಂಡಿದ್ದೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಟಿಸಿ ತಡವಾಯಿತು ಅಂತ ಮಗುವನ್ನು ವಾಪಸ್ ಕಳಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲ ಅಂತಲೂ ಕಳಿಸುವಂತಿಲ್ಲ. ವರ್ಷದ ಮಧ್ಯೆ ಬಂದರೂ ಸೇರಿಸಿಕೊಳ್ಳಲೇಬೇಕು. ರೇಷನ್ನೂ ಹಾಗೆಯೇ. 2022ರ ಜೂನ್‌ನಲ್ಲಿ ಅಸ್ಸಾಂ ಸೇರಿದ ಮೇಲೆ 'ಒಂದು ದೇಶ ಒಂದು ರೇಷನ್ ಕಾರ್ಡ್' ಇಡೀ ದೇಶಕ್ಕೆ ಬಂದಿದೆ. ಅಲ್ಲಿಯ ಕಾರ್ಡಿಗೆ ಇಲ್ಲಿ ಅಕ್ಕಿ ಸಿಗಬೇಕು. ಅವಳಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

"ಅವರೆಲ್ಲ ಬಾಂಗ್ಲಾದವರು, ನಿನಗೆ ಯಾಕೆ ಉಸಾಬರಿ?" ಅಂತ ನನ್ನ ಹತ್ತಿರದವರೇ ಕೇಳುತ್ತಾರೆ. ಒಂಟಿ ಮನೆಗಳಲ್ಲಿ ವಯಸ್ಸಾದವರು ಇದ್ದಾರೆ, ಮೆಣಸಿನ ಕಾಲದಲ್ಲಿ ಕಳ್ಳತನ ಆಗುತ್ತದೆ, ಹೆದರಿಕೆ ಸುಳ್ಳಲ್ಲ. ನಾನು ಎಲ್ಲರ ಆಧಾರ್ ಪ್ರತಿ ಇಟ್ಟುಕೊಂಡಿದ್ದೇನೆ, ಸ್ಟೇಷನ್ನಿಗೆ ಕೊಟ್ಟಿದ್ದೇನೆ. ಕಾಗದ ನೋಡುವುದು ಪೊಲೀಸರ ಕೆಲಸ, ನೋಡಲಿ. ಆದರೆ ಹೆಸರು ಕೇಳಿ, ಮುಖ ನೋಡಿ ಇಡೀ ಲೈನಿಗೆ ಒಂದು ಹಣೆಪಟ್ಟಿ ಹಚ್ಚುವುದು ತಪ್ಪು. ಸಂತೆಯಲ್ಲಿ ಆ ಮಾತು ಕಿವಿಗೆ ಬಿದ್ದಾಗ ಅವಳು ತಲೆ ತಗ್ಗಿಸಿ ನಡೆದದ್ದನ್ನು ನಾನು ನೋಡಿದ್ದೇನೆ. ಕನ್ನಡ ಅಷ್ಟು ಅರ್ಥವಾಗುತ್ತಿತ್ತು ಅವಳಿಗೆ.

ನಮ್ಮ ತೋಟದ ಮೂಲೆಯಲ್ಲಿ ಅತ್ತಿ ಮರದ ಕೆಳಗೆ ಪಂಜುರ್ಲಿ ದೈವದ ಒಂದು ಕಲ್ಲಿದೆ. ಅದನ್ನು ಇಟ್ಟವರು ನಾವಲ್ಲ. ಅಜ್ಜನ ಕಾಲದಲ್ಲಿ ಘಟ್ಟದ ಕೆಳಗಿನಿಂದ ಕೆಲಸಕ್ಕೆ ಬಂದ ತುಳು ಜನ. ಆಗ ಊರವರು ಅವರನ್ನೂ ದೂರವೇ ಇಟ್ಟಿದ್ದರಂತೆ, ಭಾಷೆ ಬೇರೆ, ದೈವ ಬೇರೆ ಅಂತ. ಈಗ ಕುಯ್ಲು ಶುರು ಮಾಡುವ ಮುಂಚೆ ಅಲ್ಲಿ ಮೊದಲ ಕಾಯಿ ಒಡೆಯುವುದು ನಮ್ಮ ಮನೆಯವರು. ಆ ಜನರ ಮೊಮ್ಮಕ್ಕಳಲ್ಲಿ ಒಬ್ಬಳು ನರ್ಸ್, ಒಬ್ಬ ಬೆಂಗಳೂರಲ್ಲಿ ಕಾರ್ ಓಡಿಸುತ್ತಾನೆ. ಅವರು ಕಾಫಿ ಕುಯ್ಯಲು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಅವರನ್ನು ಊರಿನವರು ಅನ್ನಿಸಿಕೊಳ್ಳಲು ಎರಡು ತಲೆಮಾರು ಕಾಯಿಸಿದೆವು. ಇವರನ್ನೂ ಅಷ್ಟು ಕಾಯಿಸಬೇಕಾ?

ಮೊನ್ನೆ ಅವಳ ಫೋನ್ ಬಂತು, ಪೆರುಂಬಾವೂರಿನಿಂದ. ಕುಯ್ಲಿಗೆ ಬರುತ್ತಾರಂತೆ. ಕೂಲಿ ಎಷ್ಟು ಅಂತ ಕೇಳಲಿಲ್ಲ. "ಅಕ್ಕಾ, ಈ ಸಲ ಸ್ಕೂಲಿಗೆ ಸೇರಿಸ್ಕೋತಾರಾ?" ಅಂತ ಕೇಳಿದಳು. ಸೋಮವಾರ ಬೆಳಿಗ್ಗೆ 10 ಗಂಟೆಗೆ ಕಾಯ್ದೆಯ ಪ್ರತಿ ಹಿಡಿದುಕೊಂಡು ನಾನು ಶಾಲೆಗೆ ಹೋಗುತ್ತಿದ್ದೇನೆ. ನಮ್ಮ ಹೋಬಳಿಯ ಬೆಳೆಗಾರರು ಯಾರಾದರೂ ಜೊತೆಗೆ ಬರುವುದಾದರೆ ಇನ್‌ಬಾಕ್ಸಿಗೆ ಬನ್ನಿ. ನಿಮ್ಮ ಲೈನಿನಲ್ಲಿ ಎಷ್ಟು ಮಕ್ಕಳಿದ್ದಾರೆ ಅಂತ ಎಣಿಸಿಕೊಂಡು ಬನ್ನಿ.