ಮುಕ್ಕಾಲು ಘನ ಅಡಿ

ಮೊಮ್ಮಗಳಿಗೆ ಒಂದು ಸಣ್ಣ ಡೆಸ್ಕನ್ನು ನನ್ನ ಕೈಯಾರೆ ಮಾಡಿಕೊಡಬೇಕೆಂದು ನಾನು ನಿಶ್ಚಯಿಸಿದ್ದು ಎರಡು ವರ್ಷಗಳ ಹಿಂದಿನ ಶ್ರಾವಣದಲ್ಲಿ. ಬೆಳಗಾವಿಯ ರವಿವಾರ ಪೇಟೆಯ ಹಳೆಯ ಅಂಗಡಿಗಳಲ್ಲಿ ಗಾದಿಯ ಮೇಲೆ ಕುಳಿತ ದಿವಾನಜಿಗಳು ಕೀರ್ದಿ ಖತಾವಣಿ ಬರೆಯಲು ಮುಂದಿಟ್ಟುಕೊಳ್ಳುತ್ತಿದ್ದರಲ್ಲ, ಮುಚ್ಚಳ ಇಳಿಜಾರಾಗಿರುವ ಗಿಡ್ಡ ಪೆಟ್ಟಿಗೆ, ಅಂಥದು. ಶಾಲೆಯಿಂದ ನಿವೃತ್ತನಾದ ಮೇಲೆ ಉಳಿ, ಗರಗಸ, ರಂದಾಗಳನ್ನು ಒಂದೊಂದಾಗಿ ಕೂಡಿಸಿಕೊಂಡಿದ್ದ ನನಗೆ ಉಪಕರಣಗಳ ಕೊರತೆ ಇರಲಿಲ್ಲ. ಕೆಲಸ ಬರುತ್ತದೆಯೇ ಎಂಬ ಸಂದೇಹ ಮನೆಯವಳಿಗೆ ಇತ್ತು, ನನಗೆ ಇರಲಿಲ್ಲ. ಆದರೆ ಕಟ್ಟಿಗೆ ಸಿಗುತ್ತದೆಯೇ ಎಂಬ ಸಂದೇಹ ನಮ್ಮಿಬ್ಬರಲ್ಲಿ ಯಾರಿಗೂ ಬಂದಿರಲಿಲ್ಲ. ಖಾನಾಪುರದ ಕಾಡು ಮಗ್ಗುಲಲ್ಲಿರುವ, ವೇಣುಗ್ರಾಮ ಎಂದು ಬಿದಿರಿನ ಹೆಸರನ್ನೇ ಹೊತ್ತಿದ್ದ ಊರಿನಲ್ಲಿ ನಾಲ್ಕು ಹಲಗೆ ಸಿಗುವುದಿಲ್ಲವೆಂದು ಯಾರು ತಾನೇ ಅಂದುಕೊಳ್ಳುತ್ತಾರೆ?

ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲದ ಡೆಸ್ಕಿಗೆ ಮುಚ್ಚಳ, ತಳ, ನಾಲ್ಕು ಪಕ್ಕಗಳೆಂದು ಕಾಗದದ ಮೇಲೆ ಲೆಕ್ಕ ಹಾಕಿದಾಗ ಒಂದಿಂಚು ದಪ್ಪದ ಹಲಗೆ ಒಂಬತ್ತು ಚದರ ಅಡಿ ಬೇಕೆಂದು ಬಂತು. ಇಂಚಿನಲ್ಲಿ ಅಗಲವನ್ನೂ ದಪ್ಪವನ್ನೂ, ಅಡಿಯಲ್ಲಿ ಉದ್ದವನ್ನೂ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತದೆ ಎಂಬುದು ಕಟ್ಟಿಗೆ ಮಾರುವ ವಖಾರಿಯ ಗಣಿತ. ಆ ಪ್ರಕಾರ ನನಗೆ ಬೇಕಾದದ್ದು ಮುಕ್ಕಾಲು ಘನ ಅಡಿ. ಈ ಅಂಕಿಯನ್ನು ಹೇಳಿದಾಗ ವಖಾರಿಯ ಮಾಲೀಕರು ನಗಲಿಲ್ಲ, ಅದು ಅವರ ಸೌಜನ್ಯ. "ಮಾಸ್ತರ, ಇಷ್ಟು ನಮ್ಮಲ್ಲಿ ಚೂರಿನ ಲೆಕ್ಕಕ್ಕ ಹೋಗ್ತದ್ರಿ," ಎಂದು ಹಿತ್ತಿಲ ಕಡೆ ಕೈ ತೋರಿಸಿದರು. ಬಾಗಿಲ ಚೌಕಟ್ಟಿಗೆಂದು ಬಂದವರಿಗೆ ಅವರು ಕುರ್ಚಿ ಹಾಕುತ್ತಾರೆ, ಚಹಾ ತರಿಸುತ್ತಾರೆ. ಮುಕ್ಕಾಲು ಘನ ಅಡಿಯವನು ನಿಂತೇ ಮಾತಾಡಬೇಕು.

ಅಲ್ಲಿ ನಿಂತೇ ಕಲಿತ ಪಾಠಗಳು ಕೆಲವಿವೆ. ಒಂದಿಂಚಿನ ಹಲಗೆ ಎಂದು ಹಣ ಕೊಟ್ಟು ತಂದದ್ದು ಎರಡೂ ಮಗ್ಗುಲು ರಂದಾ ಹೊಡೆದ ಮೇಲೆ ಮುಕ್ಕಾಲು ಇಂಚಿಗೆ ಬಂದು ನಿಲ್ಲುತ್ತದೆ. ಉಳಿದ ಕಾಲು ಇಂಚು ಸಿಪ್ಪೆಯಾಗಿ ನಮ್ಮ ಅಂಗಳದಲ್ಲೇ ಬಿದ್ದಿರುತ್ತದಾದ್ದರಿಂದ ಯಾರನ್ನೂ ದೂರುವಂತಿಲ್ಲ. ದಿಮ್ಮಿಯ ಲೆಕ್ಕ ಇನ್ನೂ ಸ್ವಾರಸ್ಯದ್ದು. ದಿಮ್ಮಿಯ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸುವುದು ಬಹುಕಾಲದ ರೂಢಿ. ನಾಲ್ಕು ಅಡಿ ಸುತ್ತಳತೆಯ, ಹತ್ತು ಅಡಿ ಉದ್ದದ ದಿಮ್ಮಿ ಈ ಲೆಕ್ಕದಲ್ಲಿ 10 ಘನ ಅಡಿಯಾದರೆ ಶಾಲೆಯ ವೃತ್ತದ ಸೂತ್ರದಲ್ಲಿ 12.7 ಘನ ಅಡಿಯಾಗುತ್ತದೆ. ಮೂವತ್ತು ವರ್ಷ ವೃತ್ತದ ಕ್ಷೇತ್ರಫಲವನ್ನು ಬೋರ್ಡಿನ ಮೇಲೆ ತಿದ್ದಿಸಿದ ನನಗೆ ಇದು ತಪ್ಪೆಂದೇ ತೋರಿತ್ತು. ಆದರೆ ದುಂಡನೆಯ ದಿಮ್ಮಿಯನ್ನು ಚೌಕವಾಗಿ ಕೊಯ್ಯುವಾಗ ಹೋಗುವ ಹೊರ ಚಕ್ಕೆ, ಗರಗಸದ ಹಲ್ಲಿಗೆ ಪುಡಿಯಾಗುವ ಪಾಲು ಇವನ್ನು ಮೊದಲೇ ಬಿಟ್ಟುಕೊಡುವ ವ್ಯಾವಹಾರಿಕ ಸೂತ್ರ ಅದು ಎಂದು ಸಾ ಮಿಲ್ಲಿನಲ್ಲಿ ಒಂದು ದಿಮ್ಮಿ ಸೀಳುವುದನ್ನು ಕೊನೆಯವರೆಗೂ ನೋಡಿದ ಮೇಲೆ ಒಪ್ಪಿಕೊಂಡೆ.

ನಾನು ಮೋಸ ಹೋದದ್ದು ಲೆಕ್ಕದಲ್ಲಿ ಅಲ್ಲ, ಹೆಸರಿನಲ್ಲಿ. ನಮ್ಮ ಕಡೆ ಒಳ್ಳೆಯ ಕಟ್ಟಿಗೆ ಎಂದರೆ ಸಾಗವಾನಿ. ದಕ್ಷಿಣದವರು ತೇಗ ಎನ್ನುವುದೂ ಇದನ್ನೇ. ವಖಾರಿಯಲ್ಲಿ ಮಾತ್ರ ಬರೀ ಸಾಗವಾನಿ ಎಂಬುದು ಇಲ್ಲ. ದಾಂಡೇಲಿ ಸಾಗವಾನಿ, ಬರ್ಮಾ ಸಾಗವಾನಿ, ಸಿ.ಪಿ. ಸಾಗವಾನಿ, ಘಾನಾ ಸಾಗವಾನಿ ಎಂದು ಮನೆತನದ ಹೆಸರು ಹೊತ್ತುಕೊಂಡೇ ಅದು ನಿಂತಿರುತ್ತದೆ. ಸಿ.ಪಿ. ಎಂದರೆ ಬ್ರಿಟಿಷರ ಕಾಲದ ಸೆಂಟ್ರಲ್ ಪ್ರಾವಿನ್ಸಸ್. ಆ ಪ್ರಾಂತ 1950ರಲ್ಲಿ ಮಧ್ಯಪ್ರದೇಶವಾಯಿತಾದರೂ ವಖಾರಿಯ ಭೂಪಟದಲ್ಲಿ ಇನ್ನೂ ಗಟ್ಟಿಯಾಗಿದೆ. ಬರ್ಮಾ 1989ರಲ್ಲಿ ಮ್ಯಾನ್ಮಾರ್ ಆಗಿ, 2014ರ ಏಪ್ರಿಲ್‌ನಿಂದ ದಿಮ್ಮಿಗಳ ರಫ್ತನ್ನೇ ನಿಷೇಧಿಸಿದರೂ ಬರ್ಮಾ ಎಂಬ ಮಾತಿಗೆ ಬೆಲೆ ಇಳಿದಿಲ್ಲ. ಇವುಗಳ ನಡುವೆ ಆಫ್ರಿಕದ ಇರೋಕೊ ಎಂಬ, ಸಾಗವಾನಿಯ ಕುಲಕ್ಕೇ ಸೇರದ ಮರವೂ ಆಫ್ರಿಕನ್ ಟೀಕ್ ಎಂಬ ಹೆಸರಿನಲ್ಲಿ ಬಂದು ಕುಳಿತಿರುತ್ತದೆ. ಕಾಫಿ ತೋಟಗಳ ಸಿಲ್ವರ್ ಓಕ್ ಬೆಳ್ಳಿಯೂ ಅಲ್ಲ, ಓಕೂ ಅಲ್ಲ. ಅದು ಆಸ್ಟ್ರೇಲಿಯದ ಬೇರೆಯೇ ಒಂದು ಮರ. ಮನುಷ್ಯರ ಅಡ್ಡಹೆಸರುಗಳಾದರೂ ಇದಕ್ಕಿಂತ ನಂಬಿಕೆಗೆ ಅರ್ಹವೆಂದು ನನ್ನ ಅಭಿಪ್ರಾಯ.

ಇಷ್ಟು ಹೆಸರುಗಳಲ್ಲಿ ಕಿವಿಗೆ ಇಂಪಾದದ್ದನ್ನು ಆರಿಸಿಕೊಂಡು, ಹೊಂಬಣ್ಣದ ಅಗಲವಾದ ಹಲಗೆಗಳನ್ನು ಆಟೋದಲ್ಲಿ ಮಲಗಿಸಿ ತಂದೆ. ಅವುಗಳ ಮೈಮೇಲೆ ಬೆಟ್ಟಗಳ ಸಾಲಿನಂತೆ ಒಂದರ ಮೇಲೊಂದು ಏರಿದ ಗೆರೆಗಳಿದ್ದವು. ಕೊಂಡದ್ದು ಬೆಳಗಾವಿಯ ಶ್ರಾವಣದಲ್ಲಿ, ಗೋಡೆಗೆ ಕೈ ಇಟ್ಟರೆ ಅಂಗೈ ಒದ್ದೆಯಾಗುವ ದಿನಗಳಲ್ಲಿ. ಮುಂದಿನ ಶಿವರಾತ್ರಿಯ ಹೊತ್ತಿಗೆ, ನಾನು ಹೆಮ್ಮೆಯಿಂದ ಜೋಡಿಸಿದ್ದ ಮುಚ್ಚಳ ಅಂಚುಗಳನ್ನು ಮೇಲಕ್ಕೆತ್ತಿ ದೋಣಿಯಾಗಿತ್ತು. ಮೊಮ್ಮಗಳು ಅದರಲ್ಲಿ ಪೆನ್ಸಿಲ್ ಇಟ್ಟು, ಅದು ತಾನಾಗಿ ಉರುಳಿ ನಡುವೆ ಬಂದು ನಿಲ್ಲುವುದನ್ನು ಗೆಳತಿಯರಿಗೆ ತೋರಿಸುತ್ತಿದ್ದಳು.

ಆ ಮುಚ್ಚಳವನ್ನು ಬಗಲಲ್ಲಿಟ್ಟುಕೊಂಡು ನಾನು ಹೋದದ್ದು ಉದ್ಯಮಬಾಗಿನಲ್ಲಿ ಪ್ಯಾಟರ್ನ್ ಮಾಡುವ ಒಬ್ಬ ಹಿರಿಯರ ಬಳಿಗೆ. ಬೆಳಗಾವಿ ಎಂದೊಡನೆ ಹೊರಗಿನವರಿಗೆ ಕುಂದಾ ನೆನಪಾಗುತ್ತದೆ. ಆದರೆ ಇಲ್ಲಿನ ಫೌಂಡ್ರಿಗಳಲ್ಲಿ ದಿನವೂ ಬೀಡು ಕಬ್ಬಿಣ ಕರಗಿ ಪಂಪಿನ, ಮೋಟಾರಿನ ಭಾಗಗಳಾಗುತ್ತದೆ. ಕರಗಿದ ಕಬ್ಬಿಣ ಹೊಯ್ಯುವ ಮೊದಲು ಮರಳಿನಲ್ಲಿ ಆ ಭಾಗದ ಅಚ್ಚು ಮೂಡಿಸಬೇಕು, ಅಚ್ಚು ಮೂಡಿಸಲು ಒಂದು ಮಾದರಿ ಬೇಕು, ಬಹುಕಾಲದಿಂದ ಆ ಮಾದರಿಯನ್ನು ಮಾಡುತ್ತ ಬಂದದ್ದು ಕಟ್ಟಿಗೆಯಲ್ಲಿ. ಈಗ ಅಲ್ಯೂಮಿನಿಯಂ, ರಾಳದ ಮಾದರಿಗಳೂ ಬಂದಿವೆ. ಕಾಕಾ ಎಂದೇ ಎಲ್ಲರೂ ಕರೆಯುವ ಆ ಹಿರಿಯರ ಬೆಂಚಿನ ಮೇಲಿದ್ದ ಅಳತೆಪಟ್ಟಿಯನ್ನು ಕೈಗೆತ್ತಿಕೊಂಡು ನನ್ನ ಟೇಪಿನ ಪಕ್ಕದಲ್ಲಿಟ್ಟಾಗ ಎರಡೂ ಕೂಡಲಿಲ್ಲ. ಬೀಡು ಕಬ್ಬಿಣ ಆರುವಾಗ ನೂರಕ್ಕೆ ಸುಮಾರು ಒಂದು ಪಾಲು ಕುಗ್ಗುವುದರಿಂದ ಆ ಪಟ್ಟಿಯ ಮೀಟರು ಸಾಮಾನ್ಯ ಮೀಟರಿಗಿಂತ ಸುಮಾರು 10 ಮಿಲಿಮೀಟರ್ ಉದ್ದವಾಗಿರುತ್ತದೆ. ಮಾದರಿ ಅಷ್ಟು ದೊಡ್ಡದಾದರೆ ಮಾತ್ರ ಕಬ್ಬಿಣದ ಭಾಗ ಸರಿಯಾದ ಅಳತೆಗೆ ಬರುತ್ತದೆ. ನಾಳೆ ಕಬ್ಬಿಣ ಎಷ್ಟು ಕುಗ್ಗೀತು ಎಂದು ಇಂದೇ ಲೆಕ್ಕವಿಟ್ಟು ಜೀವನ ಸಾಗಿಸಿದವರ ಮುಂದೆ, ಹಲಗೆ ಎಷ್ಟು ಕುಗ್ಗೀತು ಎಂದು ಯೋಚಿಸದವನು ದೋಣಿ ಹಿಡಿದು ನಿಂತಿದ್ದೆ.

ಕಾಕಾ ಮುಚ್ಚಳದ ಮೇಲ್ಮೈಯನ್ನು ನೋಡಲೇ ಇಲ್ಲ. ನೇರ ಅದರ ತುದಿಯನ್ನು ಕಣ್ಣಿನ ಹತ್ತಿರ ಹಿಡಿದರು. ಯಾವ ಕಟ್ಟಿಗೆ ಇದು ಎಂದು ನಾನು ಕೇಳಿದ್ದಕ್ಕೆ, "ಹೆಸರು ತಗೊಂಡು ಏನ್ ಮಾಡ್ತೀರಿ ಮಾಸ್ತರ, ತುದಿ ನೋಡ್ರಿ," ಎಂದರು. ಹಲಗೆಯ ತುದಿಯಲ್ಲಿ ಮರದ ವರ್ಷದುಂಗುರಗಳ ತುಣುಕುಗಳು ಕಾಣುತ್ತವೆ. ಅವು ಹಲಗೆಯ ದಪ್ಪಕ್ಕೆ ನೆಟ್ಟಗೆ ಕಡ್ಡಿ ನಿಲ್ಲಿಸಿದಂತೆ ಇದ್ದರೆ ಆ ಹಲಗೆ ಬಹುಮಟ್ಟಿಗೆ ಸಪಾಟಾಗಿ ಉಳಿಯುತ್ತದೆ; ಕಮಾನಿನಂತೆ ಬಾಗಿದ್ದರೆ ಒಣಗುತ್ತ ಒಣಗುತ್ತ ಆ ಕಮಾನು ನೆಟ್ಟಗಾಗಲು ಎಳೆದು, ತೊಗಟೆಯ ಕಡೆಯ ಮೈ ತಗ್ಗಾಗುತ್ತದೆ. ಕಟ್ಟಿಗೆ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ತಿರುಳಿನಿಂದ ತೊಗಟೆಯ ಕಡೆಗೆ ಸ್ವಲ್ಪ ಕುಗ್ಗುತ್ತದೆ, ಉಂಗುರದ ಗುಂಟ ಅದರ ಸುಮಾರು ಎರಡು ಪಟ್ಟು ಕುಗ್ಗುತ್ತದೆ. ನಾನು ಮೆಚ್ಚಿ ತಂದ ಬೆಟ್ಟಗಳ ಸಾಲು ಮೂಡುವುದು ಕಮಾನಿನ ಹಲಗೆಯಲ್ಲೇ ಎಂದು ಆಗ ತಿಳಿಯಿತು. ಅಂಚಿನಲ್ಲಿದ್ದ ಬಿಳಿಯ ಪಟ್ಟಿಯನ್ನೂ ಕಾಕಾ ಉಗುರಿನಿಂದ ಗೀರಿ ತೋರಿಸಿದರು. ಚೇಗು ಬಲಿತ ಒಳಗಿನ ಕಟ್ಟಿಗೆಗೆ ಹುಳ ಸುಲಭವಾಗಿ ಬಾಯಿ ಹಾಕುವುದಿಲ್ಲ, ಹೊರಗಿನ ಈ ಬಿಳಿ ಭಾಗ ಮಾತ್ರ ಸಾಗವಾನಿಯದೇ ಆದರೂ ಹುಳಕ್ಕೆ ಹಬ್ಬದೂಟ. ಕೊನೆಗೆ ಅವರು ತಮ್ಮ ಬೀಗರ ಮನೆಯ ಬಾಗಿಲಿನ ಕಥೆ ಹೇಳಿದರು: ಬೆಳಗಾವಿಯ ಮಳೆಗಾಲದಲ್ಲಿ ಮಾಡಿ ವಿಜಯಪುರಕ್ಕೆ ಸಾಗಿಸಿ ಕೂಡಿಸಿದ್ದ ಆ ಬಾಗಿಲು, ಅಲ್ಲಿನ ಬೇಸಿಗೆಗೆ ಹಲಗೆಗಳ ನಡುವೆ ಎಂಥ ಸಂದು ಬಿಟ್ಟಿತ್ತೆಂದರೆ, ಬಂದವರು ಯಾರೆಂದು ಒಳಗಿನಿಂದ ನೋಡಲು ಬೇರೆ ಕಿಂಡಿಯ ಅಗತ್ಯವೇ ಬೀಳಲಿಲ್ಲವಂತೆ.

ಹಾಗಾದರೆ ಒಣಗಿ ಒಣಗಿ ಕುಗ್ಗುವುದನ್ನೆಲ್ಲ ಕುಗ್ಗಿ ಮುಗಿಸಿರುವ ಹಳೆಯ ಕಟ್ಟಿಗೆಯೇ ಲೇಸೆಂದು ನಾನು ಆ ಬೇಸಿಗೆಯಲ್ಲಿ ಬಾಗಲಕೋಟೆಗೆ ಹೋದೆ. ನನ್ನ ಸೋದರತ್ತೆಯ ಮನೆ ಹಳೆಯ ಬಾಗಲಕೋಟೆಯಲ್ಲಿ, ಆಲಮಟ್ಟಿಯ ಹಿನ್ನೀರಿಗೆ ಬಿಟ್ಟುಕೊಟ್ಟ ಭಾಗದಲ್ಲಿತ್ತು. ಮನೆ ಬಿಚ್ಚುವಾಗ ತೊಲೆ, ಕಂಬ, ಬಾಗಿಲುಗಳನ್ನು ಅವರು ನವನಗರಕ್ಕೆ ಹೊತ್ತು ತಂದಿದ್ದರು. ಎರಡು ತಲೆಮಾರು ಹೊಗೆ ಕುಡಿದು ಕಬ್ಬಿಣದಂತಾಗಿದ್ದ ನಡುಮನೆಯ ತೊಲೆಯೊಂದನ್ನು ನಾನು ಚೆನ್ನಾಗಿ ಬಲ್ಲೆ. ಅದಕ್ಕೆ ಕಟ್ಟಿದ ತೊಟ್ಟಿಲಲ್ಲಿ ನಾನೂ ಮಲಗಿದ್ದೆನಂತೆ. ಆ ತೊಲೆ ಏನಾಯಿತೆಂದು ಕೇಳಿದಾಗ ಅತ್ತೆಯ ಸೊಸೆ ಸಂಕೋಚದಿಂದಲೇ ಬಾಗಿಲ ಬಳಿಯ ಚಪ್ಪಲಿ ಸ್ಟ್ಯಾಂಡನ್ನು ತೋರಿಸಿದಳು. ನನ್ನ ಚಪ್ಪಲಿಯೂ ಅದರ ಮೇಲೇ ಇತ್ತು.

ಹಳೆಯ ಕಟ್ಟಿಗೆ ಮಾರುವ ಅಂಗಡಿಗಳನ್ನೂ ಸುತ್ತಿದೆ. ಕೆತ್ತನೆ ಇರುವುದೆಲ್ಲ ಹೋಟೆಲುಗಳ ಗೋಡೆಗೆಂದು ಮೊದಲೇ ಹೋಗಿರುತ್ತದೆ, ಕೆತ್ತನೆ ಇಲ್ಲದ್ದಕ್ಕೆ ಒಳಗೆ ಮೊಳೆ ಇರುತ್ತದೆ. ಮುರಿದು ಒಳಗೇ ಉಳಿದ ಒಂದು ಮೊಳೆ ಗರಗಸದ ಹಲ್ಲು ಕೀಳಬಲ್ಲದಾದ್ದರಿಂದ ಹಳೆಯ ತೊಲೆ ಎಂದರೆ ಸಾ ಮಿಲ್ಲಿನವರು ಕೈ ಮುಗಿಯುತ್ತಾರೆ. ನಾನು ಒಂದು ಅಯಸ್ಕಾಂತವನ್ನು ಜೇಬಿನಲ್ಲಿಟ್ಟುಕೊಂಡು ತೊಲೆಗಳ ಮೈ ಸವರುತ್ತಿದ್ದಾಗ ಅಂಗಡಿಯ ಹುಡುಗ, ಯಾರೋ ತಾಯತ ಕಟ್ಟುವವರಿರಬೇಕೆಂದು ತಿಳಿದು, ಸ್ವಲ್ಪ ದೂರವೇ ನಿಂತಿದ್ದ.

ಕಡೆಗೆ ಕಟ್ಟಿಗೆ ಸಿಕ್ಕಿದ್ದು ಕಾಕಾ ಅವರ ಕಣ್ಣಿಗೆ. ಖಾನಾಪುರದ ಕಡೆಯ ಹಿತ್ತಿಲೊಂದರ ಹಲಸಿನ ಮರ ಸಾ ಮಿಲ್ಲಿಗೆ ಬಂದಿತ್ತು. ಅದರ ಹಲಗೆಗಳನ್ನು ಒಂದೊಂದಾಗಿ ಎತ್ತಿ, ತುದಿ ನೋಡಿ, ಒಂದು ಕಣ್ಣು ಮುಚ್ಚಿ ಅಂಚಿನ ಗುಂಟ ದೃಷ್ಟಿ ಹಾಯಿಸಿ, ಗಂಟಿನ ಸುತ್ತ ಬೆರಳಿನಿಂದ ತಟ್ಟಿ, ಇಪ್ಪತ್ತರಲ್ಲಿ ಐದನ್ನು ಅವರು ಬೇರೆ ಇಟ್ಟರು: ಮೂರು ಅಡಿ ಉದ್ದ, ಒಂಬತ್ತು ಇಂಚು ಅಗಲ, ಒಂದೂ ಕಾಲು ಇಂಚು ದಪ್ಪ. ಹಲಸಿಗೆ ಸಾಗವಾನಿಯ ಮನೆತನವಿಲ್ಲ. ಆದರೆ ಅರಿಶಿನದ ಬಣ್ಣದ ಅದರ ಮೈ ವರ್ಷ ಕಳೆದಂತೆ ಜೇನುಕಂದಾಗುತ್ತದೆ, ರಂದಾಕ್ಕೆ ಒಲಿಯುತ್ತದೆ, ವೀಣೆಯ ಕೊಡ ಮಾಡುವವರು ಹುಡುಕುವುದೂ ಅದನ್ನೇ. ರಸೀದಿ ಬರೆಸಿಕೊಳ್ಳಲು ಮರೆಯಬೇಡಿರೆಂದು ಕಾಕಾ ಹೇಳಿದ್ದರಿಂದ ಅದನ್ನೂ ಬರೆಸಿಕೊಂಡೆ. ಒಂದೇ ಒಂದು ತೊಡಕೆಂದರೆ ಮರ ಹಸಿಯಾಗಿತ್ತು. ಇಂಚು ದಪ್ಪಕ್ಕೆ ಒಂದು ವರ್ಷ ಒಣಗಲಿ ಎಂಬುದು ಬಡಿಗರ ಹಳೆಯ ಅಂದಾಜು. ನನ್ನ ಹಲಗೆಗಳಿಗೆ ಹದಿನೈದು ತಿಂಗಳು.

ಅವು ಈಗ ನಮ್ಮ ಪಡಸಾಲೆಯಲ್ಲಿ, ಬಿಸಿಲು ತಾಗದ ಕಡೆ, ಒಂದರ ಮೇಲೊಂದು ಮಲಗಿವೆ. ನಡುನಡುವೆ ಗಾಳಿಯಾಡಲು ಒಂದೇ ದಪ್ಪದ ಪಟ್ಟಿಗಳನ್ನು, ಮೇಲಿನದು ಕೆಳಗಿನದಕ್ಕೆ ನೇರವಾಗಿ ಬರುವಂತೆ ಇಟ್ಟಿದ್ದೇನೆ. ತುದಿಗಳು ಬೇಗನೆ ಒಣಗಿ ಸೀಳದಂತೆ ಮೇಣ ಬಳಿದಿದ್ದೇನೆ. ಅಷ್ಟು ಸಪಾಟಾದ ಜಾಗವನ್ನು ಖಾಲಿ ಬಿಡುವುದುಂಟೇ ಎಂದು ಮನೆಯವಳು ಬೇಸಿಗೆಯಲ್ಲಿ ಶಾವಿಗೆಯ ತಟ್ಟೆಗಳನ್ನು ಅದರ ಮೇಲೇ ಇಟ್ಟಳು. ಭಾರ ಬಿದ್ದರೆ ಹಲಗೆ ಸೊಟ್ಟಾಗದೆಂದು ಕಾಕಾ ಹೇಳಿದ್ದರಿಂದ ನಾನೂ ಸುಮ್ಮನಾದೆ. ಪ್ರತಿ ತಿಂಗಳ ಮೊದಲ ರವಿವಾರ ಮೇಲಿನ ಹಲಗೆಯನ್ನು ಎದುರಿನ ಕಿರಾಣಿ ಅಂಗಡಿಗೆ ಒಯ್ದು ತೂಗಿಸಿ, ವಹಿಯಲ್ಲಿ ಬರೆದಿಡುತ್ತೇನೆ. ತೂಕ ಇಳಿಯುವುದು ನಿಂತಾಗ ಅದು ನಮ್ಮ ಮನೆಯ ಗಾಳಿಗೆ ಒಗ್ಗಿತೆಂದು ಅರ್ಥ. ಡಿಸೆಂಬರಿನಲ್ಲಿ ತಂದಾಗ 5 ಕಿಲೋ 150 ಗ್ರಾಂ ಇದ್ದದ್ದು ಮೇ ತಿಂಗಳಿಗೆ 4 ಕಿಲೋ 100ಕ್ಕೆ ಬಂದಿತ್ತು. ಉಳಿಗಳನ್ನೆಲ್ಲ ಮಸೆದು ಎಣ್ಣೆ ಹಚ್ಚಿಟ್ಟೆ. ಅಷ್ಟರಲ್ಲಿ ಮೃಗಶಿರಾ ಮಳೆ ಹಿಡಿಯಿತು, ಆರಿದ್ರಾ ಬಿಡಲಿಲ್ಲ. ಮೊನ್ನೆಯ ರವಿವಾರ ಅಂಗಡಿಯವನು ಕಾಟಾವನ್ನು ಎರಡು ಸಲ ಒರೆಸಿ ತೂಗಿ, "ಮಾಸ್ತರ, ನಿಮ್ಮ ಕಟ್ಟಿಗಿ ಮೈ ಕೈ ತುಂಬ್ಕೊಳ್ಳಾಕ ಹತ್ತೇತಿ ನೋಡ್ರಿ," ಎಂದು 4 ಕಿಲೋ 220 ತೋರಿಸಿದ. ವಹಿಯಲ್ಲಿ ಅದನ್ನೂ ಬರೆದುಕೊಂಡು, ಹಲಗೆಯನ್ನು ಛತ್ರಿಯ ಕೆಳಗೆ ಹಿಡಿದು, ನಾನು ನೆನೆಯುತ್ತ ಮನೆಗೆ ಬಂದೆ.