ಕಾದು ಕಾದು ಮನೆಗೆ ವಾಪಸ್ ಹೋದವರನ್ನು ಯಾರು ಲೆಕ್ಕ ಹಾಕ್ತಾರೆ?

ಮೊನ್ನೆ ಬೆಳಿಗ್ಗೆ ನಮ್ಮೂರ ಕ್ರಾಸ್‌ನಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ತೀರ್ಥಹಳ್ಳಿಯಿಂದ ಹನ್ನೆರಡು ಕಿಲೋಮೀಟರ್ ಒಳಗೆ. ಎಂಟೂಕಾಲಿಗೆ ಬರಬೇಕಿದ್ದ ಬಸ್ಸು ಒಂಬತ್ತಾದರೂ ಪತ್ತೆ ಇಲ್ಲ. ಜೊತೆಗೆ ಪಕ್ಕದ ಮನೆಯ ಅಜ್ಜಿ. ಶುಗರ್ ಟೆಸ್ಟಿಗೆ ಅಂತ ಖಾಲಿ ಹೊಟ್ಟೆಯಲ್ಲಿ ಹೊರಟವರು. ಆಸ್ಪತ್ರೆ ಚೀಟಿಗಳನ್ನೆಲ್ಲ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. ಕಾಲಿಗೆ ಹತ್ತಿದ ಇಂಬಳಕ್ಕೆ (ಜಿಗಣೆ) ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆದು ಹಚ್ಚಿ, ಅದು ಉದುರಿದ ಮೇಲೆ ಮತ್ತೆ ರಸ್ತೆ ನೋಡುತ್ತಾ ನಿಂತರು. ಅಷ್ಟರಲ್ಲಿ ಬೈಕಿನಲ್ಲಿ ಬಂದ ಹುಡುಗನೊಬ್ಬ, "ಇವತ್ತು ಟ್ರಿಪ್ ಕಟ್ಟಂತೆ ಅಜ್ಜಿ" ಅಂದ. "ಹಂಗಾರೆ ನಾಳೆ ಹೋದ್ರಾಯ್ತು ಬಿಡು ಮಾರಾಯ್ತಿ" ಅಂತ ನನಗೆ ಹೇಳಿ, ಕೊಡೆ ಊರಿಕೊಂಡು ಏರು ಹತ್ತಿ ಹೋದರು.

ಅವತ್ತಿಂದ ಒಂದೇ ಯೋಚನೆ. ಬಸ್ಸಿನಲ್ಲಿ ಎಷ್ಟು ಜನ ಓಡಾಡ್ತಾರೆ, ಪ್ರಯಾಣಿಕರಿಗೆ ಎಷ್ಟು ತೃಪ್ತಿ ಇದೆ ಅಂತ ಲೆಕ್ಕ ಹಾಕುತ್ತಾರಲ್ವಾ, ಆ ಲೆಕ್ಕದಲ್ಲಿ ಈ ಅಜ್ಜಿ ಎಲ್ಲಿ ಬರ್ತಾರೆ? ಟಿಕೆಟ್ ತಗೊಂಡಿಲ್ಲ, ಹಾಗಾಗಿ ಪ್ರಯಾಣಿಕರೇ ಅಲ್ಲ. ಸೀಟು ಹೇಗಿದೆ, ಕಂಡಕ್ಟರ್ ಹೇಗೆ ಮಾತಾಡ್ತಾರೆ ಅಂತ ಕೇಳುವುದೂ ಬಸ್ ಹತ್ತಿದವರನ್ನೇ.

ದೊಡ್ಡ ಊರುಗಳಲ್ಲಿ ಜನರ ಮನಸ್ಸು ಅಂಕಿಯಲ್ಲಿ ಬೇಗ ಕಾಣಿಸುತ್ತದೆ. ಮುಂಬೈನಲ್ಲಿ 2019ರ ಜುಲೈನಲ್ಲಿ ಅಲ್ಲಿನ ನಗರ ಸಾರಿಗೆ ‘ಬೆಸ್ಟ್’ ಬಸ್ಸಿನ ಕನಿಷ್ಠ ದರವನ್ನು 8 ರೂಪಾಯಿಯಿಂದ 5ಕ್ಕೆ ಇಳಿಸಿದಾಗ ಜನ ಮತ್ತೆ ಬಸ್ ಹತ್ತಿದರು. ಬೆಂಗಳೂರಲ್ಲಿ 2025ರ ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ಆಯಿತು, ಕೆಲವೇ ದಿನಗಳಲ್ಲಿ ಹತ್ತುವವರ ಸಂಖ್ಯೆ ಇಳಿಯಿತು. ಹುಬ್ಬಳ್ಳಿ–ಧಾರವಾಡದ ಮಧ್ಯೆ ಚಿಗರಿ ಬಸ್ಸಿಗೆ ಅಂತಲೇ ಬೇರೆ ರಸ್ತೆ ಇದೆ. ಅಲ್ಲೆಲ್ಲ ಜನ ಇದು ಬೇಡ ಅಂದರೆ ಇನ್ನೊಂದು ಹಿಡಿಯಬಹುದು. ನಮ್ಮ ಕಡೆ ಜನ ಕಡಿಮೆ ಅಂತ ಟ್ರಿಪ್ ಕಟ್ ಮಾಡ್ತಾರೆ, ಟ್ರಿಪ್ ಕಟ್ ಆಗ್ತಿದ್ದ ಹಾಗೆ ಸಾಲ ಮಾಡಿಯಾದರೂ ಮನೆಗೊಂದು ಸ್ಕೂಟಿ ಬರುತ್ತದೆ, ಸ್ಕೂಟಿ ಬಂದ ಮೇಲೆ ಬಸ್ಸಿಗೆ ಜನ ಇನ್ನೂ ಕಡಿಮೆ, ಆಮೇಲೆ ಒಂದು ದಿನ ಬಸ್ಸೇ ಇಲ್ಲ. ಉಳಿಯುವವರು ಯಾರು? ಸ್ಕೂಟಿ ಓಡಿಸಲು ಬಾರದ ಅಜ್ಜಿ, ಲೈಸೆನ್ಸ್ ವಯಸ್ಸಾಗದ ಶಾಲೆ ಮಕ್ಕಳು.

ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದಾಗ ನನಗೆ ನಿಜವಾಗಿ ಖುಷಿಯಾಗಿತ್ತು, ಈಗಲೂ ಅದು ಒಳ್ಳೆಯ ಕೆಲಸ ಅಂತಲೇ ಹೇಳ್ತೀನಿ. ಆದರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ. ಮಲೆನಾಡಿನ ಒಳ ಊರುಗಳಿಗೆ ಮೊದಲಿಂದಲೂ ಓಡುತ್ತಿರುವುದು ಜಾಸ್ತಿ ಖಾಸಗಿ ಬಸ್ಸು. ನಮ್ಮ ಕ್ರಾಸ್‌ನಲ್ಲಿ ನಿಂತ ಹೆಂಗಸರು ಇವತ್ತಿಗೂ ದುಡ್ಡು ಕೊಟ್ಟೇ ಹೋಗುವುದು.

ಖಾಸಗಿ ಬಸ್ಸಿನವರನ್ನು ಸುಮ್ನೆ ಬೈಯುವುದಕ್ಕೂ ನನಗೆ ಮನಸ್ಸಿಲ್ಲ. ಡೀಸೆಲ್, ಟೈರು, ಇನ್ಶೂರೆನ್ಸ್, ಮಳೆಗಾಲದ ರಸ್ತೆ, ಅವರ ಕಷ್ಟ ಕಣ್ಣಿಗೆ ಕಾಣುತ್ತದೆ. ಕೊಪ್ಪದ ಸಹಕಾರ ಸಾರಿಗೆ ನೆನಪಿದೆಯಲ್ವಾ? ಮುಚ್ಚಿದ ಕಂಪನಿಯ ಕೆಲಸಗಾರರೇ ಸೇರಿ 1991ರಲ್ಲಿ ಕಟ್ಟಿದ್ದು. ಡ್ರೈವರ್ ಕಂಡಕ್ಟರ್‌ಗಳೇ ಮಾಲೀಕರು. ಅದು 2020ರಲ್ಲಿ ನಿಂತುಹೋಯಿತು. ಅಂಥ ಸಂಸ್ಥೆಯನ್ನು ಉಳಿಸಿಕೊಳ್ಳಲಿಲ್ಲವಲ್ಲ ಅಂತ ಈಗಲೂ ಸಂಕಟ ಆಗುತ್ತೆ.

ನಮ್ಮ ಬಸ್ಸಿನ ಕಂಡಕ್ಟರ್, ತೀರ್ಥಹಳ್ಳಿ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ಗೇಟಿನ ಹತ್ತಿರ ಕೊಟ್ಟು ಹೋಗ್ತಾರೆ. ಗದ್ದೆ ಬದುವಿನ ಮೇಲೆ ಓಡಿ ಬರುವ ಹುಡುಗಿ ಕಂಡರೆ "ಒಂದ್ನಿಮಿಷ ತಡೀರಿ, ಆ ಹುಡುಗಿಗೆ ಪರೀಕ್ಷೆ ಇದೆ" ಅಂತ ಡ್ರೈವರಿಗೆ ಕೂಗ್ತಾರೆ. ಇಷ್ಟು ಪ್ರೀತಿಯಿಂದ ನಡೆಯುವ ಬಸ್ಸು ಬರದೇ ಇದ್ದ ದಿನ ಹೊಟ್ಟೆ ಉರಿಯುವುದು ಅದಕ್ಕೇ.

ಸಾಗರ ತಾಲೂಕಿನ ತುಮರಿ ಕಡೆಯವರನ್ನು ಕೇಳಿ. ಲಿಂಗನಮಕ್ಕಿ ಹಿನ್ನೀರು ಬಂದ ಮೇಲೆ ಎಷ್ಟೋ ವರ್ಷ ಲಾಂಚ್ ನಂಬಿ ಬದುಕಿದವರು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಅವತ್ತು ಈ ದಡದಲ್ಲೇ ರಾತ್ರಿ. 2025ರ ಜುಲೈ 14ಕ್ಕೆ ಸಿಗಂದೂರು ಸೇತುವೆ ಉದ್ಘಾಟನೆಯಾದಾಗ ಆ ಭಯ ಹೋಯಿತು. ಸರಿ, ಇನ್ನು ಆ ಸೇತುವೆ ಮೇಲೆ ಟೈಮಿಗೆ ಸರಿಯಾಗಿ ಬಸ್ಸೂ ಓಡಲಿ.

ನನಗೆ ಎಸಿ ಬೇಡ, ಮೆತ್ತನೆ ಸೀಟೂ ಬೇಡ. ಪರ್ಮಿಟ್‌ನಲ್ಲಿ ಬರೆದ ಹೊತ್ತಿಗೆ ಬಸ್ಸು ಬರಲಿ. ಟ್ರಿಪ್ ಕಟ್ ಆಗುವುದಿದ್ದರೆ ಬೆಳಿಗ್ಗೆ ಏಳಕ್ಕೇ ಊರಿನ ವಾಟ್ಸ್ಆ್ಯಪ್ ಗ್ರೂಪಿಗೆ ಒಂದು ಮೆಸೇಜ್ ಹಾಕಲಿ, ಅಜ್ಜಿ ಖಾಲಿ ಹೊಟ್ಟೆಯಲ್ಲಿ ನಿಲ್ಲುವುದಾದರೂ ತಪ್ಪುತ್ತದೆ. ದೊಡ್ಡ ಬಸ್ಸು ಗಿಟ್ಟುವುದಿಲ್ಲ ಅಂದರೆ ಆಗುಂಬೆ ಘಾಟಿಯಲ್ಲಿ ಓಡುವ ಹಾಗೆ ಮಿನಿ ಬಸ್ ಬಿಡಲಿ. ರಾತ್ರಿ ಊರಲ್ಲೇ ತಂಗಿ ಬೆಳಿಗ್ಗೆ ಹೊರಡುತ್ತಿದ್ದ ಮೊದಲಿನ ಹಾಲ್ಟಿಂಗ್ ಬಸ್ಸನ್ನು ವಾಪಸ್ ತರಲಿ.

ಮಾರನೇ ದಿನ ಬಸ್ಸು ಎಂಟೂ ಇಪ್ಪತ್ತಕ್ಕೆ ಬಂತು. ಅಜ್ಜಿ ಎಂಟಕ್ಕೇ ಬಂದು ನಿಂತಿದ್ದರು, ಅದೇ ಕವರು, ಅದೇ ಖಾಲಿ ಹೊಟ್ಟೆ. ಅವತ್ತಿಂದ ನಮ್ಮ ಕ್ರಾಸ್‌ನಲ್ಲಿ ಬಸ್ಸು ಬಂದ ಟೈಮು, ಬರದ ದಿನ ವಾಪಸ್ ಹೋದವರ ಸಂಖ್ಯೆ, ಎರಡನ್ನೂ ಒಂದು ಪುಸ್ತಕದಲ್ಲಿ ಬರೆದಿಡ್ತಾ ಇದ್ದೀನಿ. ನೀವೂ ನಿಮ್ಮೂರಿಂದ ಒಂದು ತಿಂಗಳು ಬರೆದು ಕಳಿಸಿ. ಎಲ್ಲ ಸೇರಿಸಿ ಶಿವಮೊಗ್ಗಕ್ಕೆ ಹೋಗಿ ಡಿಸಿಯವರ ಕೈಗೇ ಕೊಟ್ಟು ಬರ್ತೀನಿ.